ಅಪ್ಪನ ರಿಪೋರ್ಟಿಗೆ ಎರಡು ಸ್ಕೋರ್: ಮ್ಯಾಗಿಕ್ ಮತ್ತು ಸಿಯಾಟಲ್

ಅಪ್ಪನಿಗೆ 68. ಹಾರ್ಟ್ ಫೇಲ್ಯೂರ್ ಅಂತ ಗೊತ್ತಾಗಿ ಎರಡು ವರ್ಷ. ಎಕೋದಲ್ಲಿ ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಎಷ್ಟು ಶೇಕಡಾ ರಕ್ತ ಹೊರಗೆ ತಳ್ಳುತ್ತದೆ ಅನ್ನುವ ಅಳತೆ, 30 ಇದೆ. ಮುಂದೆ ಹೇಗೆ ಅಂತ ಕೇಳಿದಾಗಲೆಲ್ಲ "ನೋಡೋಣ" ಅನ್ನುವ ಉತ್ತರ ಸಿಗುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ. ಒಂದು ಭಾನುವಾರ ರಿಪೋರ್ಟುಗಳನ್ನೆಲ್ಲ ಹರಡಿಕೊಂಡು ಕೂತೆ.

ರಿಪೋರ್ಟಿನ ವಿವರ ತುಂಬಿದರೆ ಹಾರ್ಟ್ ಫೇಲ್ಯೂರ್ ರೋಗಿಯ ಮುಂದಿನ ಅಪಾಯವನ್ನು ಅಂದಾಜು ಮಾಡುವ ಎರಡು ಸ್ಕೋರ್ ಹಾಕಿ ನೋಡಿದೆ. ಮೊದಲು ಮ್ಯಾಗಿಕ್. 30 ಅಧ್ಯಯನಗಳ 39,372 ರೋಗಿಗಳ ಲೆಕ್ಕದಿಂದ 2013ರಲ್ಲಿ ಬಂದದ್ದು. ಕೇಳುವುದು 13 ವಿಷಯ ಮಾತ್ರ. ಬಿಪಿ, ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್), ಶುಗರ್, ಬೀಟಾ ಬ್ಲಾಕರ್ ಮಾತ್ರೆ ಎಲ್ಲ ಡಿಸ್ಚಾರ್ಜ್ ಸಮರಿಯಲ್ಲೇ ಸಿಕ್ಕಿತು. ಒಂದು ವರ್ಷ ಮತ್ತು ಮೂರು ವರ್ಷದೊಳಗಿನ ಸಾವಿನ ಸಾಧ್ಯತೆಯನ್ನು ಶೇಕಡಾವಾರು ಹೇಳುತ್ತದೆ. ಉತ್ತರಗಳಿಗೆ ಅಂಕ ಸೇರುತ್ತಾ ಹೋಗುತ್ತದೆ, ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು.

ಎಡವಿದ್ದು ಉಸಿರಿನ ಪ್ರಶ್ನೆಯಲ್ಲಿ. ಆಯಾಸ ಎಷ್ಟು ಅನ್ನುವುದಕ್ಕೆ ನಾಲ್ಕು ಕ್ಲಾಸ್ ಇವೆ, ಒಂದು ಅಂದರೆ ಆಯಾಸವೇ ಇಲ್ಲ, ನಾಲ್ಕು ಅಂದರೆ ಕೂತಲ್ಲೇ ಆಯಾಸ. "ನಂಗೇನಾಗಿದೆ, ಆರಾಮಾಗಿದ್ದೀನಿ" ಅಂದರು ಅಪ್ಪ. ಎರಡನೇ ಕ್ಲಾಸ್ ಹಾಕಿದೆ, 2 ಅಂಕ. ಮರುದಿನ ಅವರು ಟೆರೇಸಿಗೆ ಹತ್ತುವಾಗ ಸುಮ್ನೆ ಹಿಂದೆ ಹೋದೆ. ಆರನೇ ಮೆಟ್ಟಿಲಿಗೆ ನಿಂತು, ಕಂಬಿ ಹಿಡಿದು, ಪಂಚೆ ಸರಿಮಾಡಿಕೊಂಡರು. ಹತ್ತನೇ ಮೆಟ್ಟಿಲಿಗೆ ಮತ್ತೆ ಪಂಚೆ. ಇದು ಮೂರನೇ ಕ್ಲಾಸ್, 6 ಅಂಕ. ಶುಗರ್ ಇದ್ದರೇ ಸೇರುವುದು 3 ಅಂಕ, ಸಿಗರೇಟಿಗೆ 1. ಹಾಗಿರುವಾಗ ಈ ಒಂದು ಉತ್ತರ ತಪ್ಪಿದರೆ 4 ಅಂಕ ಆಚೀಚೆ! ರೋಗಿಯನ್ನು ಕೇಳಿ ತುಂಬಬೇಡಿ, ಮೆಟ್ಟಿಲು ಹತ್ತುವಾಗ ನೋಡಿ ತುಂಬಿ.

ಸಿಯಾಟಲ್ ಮಾಡೆಲ್ 2006ರದ್ದು, ಕೆಲಸ ಜಾಸ್ತಿ. ಸೋಡಿಯಂ, ಕೊಲೆಸ್ಟ್ರಾಲ್, ಲಿಂಫೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ), ನೀರಿಳಿಸುವ ಮಾತ್ರೆಯ ಡೋಸ್, ಎಲ್ಲ ಬೇಕು. ಯೂರಿಕ್ ಆಸಿಡ್ ಟೆಸ್ಟ್ ಹೊಸದಾಗಿ ಮಾಡಿಸಬೇಕಾಯಿತು. ಸರಾಸರಿ ಇನ್ನೆಷ್ಟು ವರ್ಷ ಬದುಕಬಹುದು ಅಂತಲೂ ತೋರಿಸುತ್ತದೆ, ಅದನ್ನು ನೋಡಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆದರೆ ಇದರ ನಿಜವಾದ ಉಪಯೋಗ ಬೇರೆ. ಒಂದೊಂದು ಔಷಧಿಗೆ ಟಿಕ್ ಹಾಕುತ್ತಾ ಹೋದರೆ ಬದುಕುವ ಸಾಧ್ಯತೆ ಎಷ್ಟು ಏರುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ. ಹಾಗೆ ನೋಡುವಾಗಲೇ ಅಪ್ಪನ ಚೀಟಿಯಲ್ಲಿ ಹಾರ್ಟ್ ಫೇಲ್ಯೂರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಇಲ್ಲ ಅಂತ ಗೊತ್ತಾದದ್ದು. ಡಾಕ್ಟರನ್ನು ಕೇಳಿದೆ. ಪೊಟ್ಯಾಸಿಯಂ ನೋಡಿ ಶುರುಮಾಡಿದರು.

ಹಾಗಾಗಿ ನನ್ನ ಮಟ್ಟಿಗೆ, ಮನೆಯಲ್ಲಿ ಒಂದು ಅಂದಾಜಿಗೆ ಮ್ಯಾಗಿಕ್ ಸಾಕು, ಡಾಕ್ಟರ ಮುಂದೆ ಕೂರುವ ಮುಂಚೆ ಸಿಯಾಟಲ್ ಹಾಕಲೇಬೇಕು.

ಎರಡರಲ್ಲೂ ಒಂದು ಕೊರತೆ ಇದೆ. ಅಪ್ಪ ಈಗ ತಗೊಳ್ಳುವ ಮಾತ್ರೆ ಡಾಪಾಗ್ಲಿಫ್ಲೋಜಿನ್‌ಗೆ ಹಾರ್ಟ್ ಫೇಲ್ಯೂರಿನಲ್ಲಿ ಗಟ್ಟಿ ಪುರಾವೆ ಸಿಕ್ಕಿದ್ದು 2019ರಲ್ಲಿ, ಈ ಸ್ಕೋರ್‌ಗಳು ಹುಟ್ಟಿದ್ದು ಅದಕ್ಕೂ ಮೊದಲು. ಹಾಗಂತ ನಮ್ಮ ಕಡೆ ಹಗುರವಾಗಿ ತಗೊಳ್ಳುವ ಹಾಗೂ ಇಲ್ಲ. ತಿರುವನಂತಪುರದ ಹಾರ್ಟ್ ಫೇಲ್ಯೂರ್ ರಿಜಿಸ್ಟ್ರಿಯಲ್ಲಿ (ರೋಗಿಗಳ ದಾಖಲೆ) 2013ರಲ್ಲಿ ಆಸ್ಪತ್ರೆ ಸೇರಿದ 1,205 ಹಾರ್ಟ್ ಫೇಲ್ಯೂರ್ ರೋಗಿಗಳಲ್ಲಿ ಶೇ. 59 ಜನ ಐದು ವರ್ಷದೊಳಗೆ ತೀರಿಕೊಂಡರು. ಅದಕ್ಕೇ ಆರು ತಿಂಗಳಿಗೊಮ್ಮೆ ಎರಡನ್ನೂ ಹೊಸದಾಗಿ ತುಂಬುತ್ತೇನೆ, ಮೊದಲು ಅಪ್ಪನ ಹಿಂದೆ ಟೆರೇಸಿಗೆ ಹತ್ತಿ ಬಂದು.