ಒತ್ತಡಕ್ಕೆಂದು ತೆಗೆದುಕೊಂಡ ಅಶ್ವಗಂಧ ಮತ್ತು ನನಗೆ ಬಂದ ಕಾಮಾಲೆ

ಒತ್ತಡ ಕಡಿಮೆಯಾಗಲೆಂದು, ನಿದ್ದೆ ಬರಲೆಂದು ಅಶ್ವಗಂಧದ ಪುಡಿಯನ್ನೋ ಕ್ಯಾಪ್ಸೂಲನ್ನೋ ಯಾರನ್ನೂ ಕೇಳದೆ ನಿತ್ಯ ತೆಗೆದುಕೊಳ್ಳುತ್ತಿರುವವರು ಇದನ್ನು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ.

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. ಎರಡು ವರ್ಷಗಳ ಹಿಂದೆ ಅರೇಬಿಕಾ ಹಣ್ಣು ಕೊಯ್ಲಿಗೆ ಬಂದ ಹೊತ್ತಿಗೇ ಅಕಾಲಿಕ ಮಳೆ ಹಿಡಿಯಿತು. ಆಳುಗಳು ಸಿಗಲಿಲ್ಲ, ಗಿಡದಲ್ಲಿದ್ದ ಹಣ್ಣು ಉದುರತೊಡಗಿತು, ಕಣದಲ್ಲಿ ಹರವಿದ್ದ ಕಾಫಿಗೆ ದಿನಕ್ಕೆ ನಾಲ್ಕು ಬಾರಿ ಟಾರ್ಪಾಲು ಹೊದಿಸಿ ತೆಗೆಯುವುದೇ ಕೆಲಸವಾಯಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಚಿಕ್ಕಮಗಳೂರಿನ ಅಂಗಡಿಯೊಂದರಲ್ಲಿ ಇದನ್ನು ಹೇಳಿಕೊಂಡಾಗ, "ಇದು ಅಡಾಪ್ಟೋಜೆನ್ ಮೇಡಂ, ಟೆನ್ಶನ್ ತಡ್ಕೊಳ್ಳೋ ಶಕ್ತಿ ಕೊಡುತ್ತೆ, ಗಿಡಮೂಲಿಕೆ ಅಲ್ವಾ, ಸೈಡ್ ಎಫೆಕ್ಟ್ ಏನೂ ಇಲ್ಲ" ಎಂದು ಒಂದು ಡಬ್ಬಿ ಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು ಕ್ಯಾಪ್ಸೂಲ್. ಸಾಲದೆಂದು ನಾನೇ ಮಲಗುವ ಮುಂಚೆ ಹಾಲಿಗೆ ಒಂದು ಚಮಚ ಅಶ್ವಗಂಧದ ಪುಡಿಯನ್ನೂ ಸೇರಿಸಿ ಕುಡಿಯತೊಡಗಿದೆ. ಮೊದಲ ಮೂರು ವಾರ ನಿದ್ದೆ ಚೆನ್ನಾಗಿಯೇ ಬಂತು ಎಂಬುದನ್ನೂ ಹೇಳಬೇಕು; ಅದರಿಂದಲೇ ನನಗೆ ಅದರ ಮೇಲೆ ಅನುಮಾನ ಹುಟ್ಟಲಿಲ್ಲ.

ಆರನೆಯ ವಾರದಲ್ಲಿ ತುರಿಕೆ ಶುರುವಾಯಿತು. ಚರ್ಮದ ಮೇಲೆ ಗುಳ್ಳೆಯಿಲ್ಲ, ದದ್ದಿಲ್ಲ, ಆದರೆ ಅಂಗೈ ಮತ್ತು ಅಂಗಾಲು ಒಳಗಿನಿಂದ ಕೆರೆದಂತಾಗಿ, ಬಾಚಣಿಗೆಯ ಹಲ್ಲಿನಿಂದ ಕೆರೆದುಕೊಂಡರೂ ಶಮನವಾಗುತ್ತಿರಲಿಲ್ಲ. ಕಣದ ಧೂಳೆಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿದೆ. ಆಮೇಲೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿತು, ಮಲ ಬಿಳಿಚಿಕೊಂಡಿತು. ಪಿತ್ತರಸ ಕರುಳಿಗೆ ಸರಿಯಾಗಿ ಇಳಿಯದೆ ರಕ್ತದಲ್ಲಿ ಸೇರಿಕೊಂಡಾಗ ಹೀಗೆ ತುರಿಕೆ ಬರುತ್ತದೆಂದು, ಎಷ್ಟೋ ಸಲ ಅದು ಕಣ್ಣು ಹಳದಿಯಾಗುವುದಕ್ಕೂ ಮುಂಚೆಯೇ ಕಾಣಿಸಿಕೊಳ್ಳುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಕಣ್ಣು ಹಳದಿಯಾದ ದಿನ ಅತ್ತೆಯವರು, "ಕಾಮಾಲೆಗೆ ಇಂಗ್ಲಿಷ್ ಮದ್ದಿಲ್ಲ ಕಣಮ್ಮ" ಎಂದು ನಾಟಿ ಔಷಧಿ ಕೊಡುವವರಲ್ಲಿಗೆ ಕರೆದೊಯ್ದರು. ಅವರು ಕೊಟ್ಟ ಸೊಪ್ಪಿನ ರಸ ಕುಡಿದು, ಎಣ್ಣೆ, ಖಾರ ಬಿಟ್ಟು ಒಂಬತ್ತು ದಿನ ಪಥ್ಯ ಮಾಡಿದೆ. ಆ ಒಂಬತ್ತು ದಿನವೂ ರಾತ್ರಿಯ ಹಾಲಿಗೆ ಪುಡಿ ಬೀಳುತ್ತಲೇ ಇತ್ತು, ಕ್ಯಾಪ್ಸೂಲೂ ತಪ್ಪಲಿಲ್ಲ. ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದೇ: ನಾನು ಅದನ್ನು ಔಷಧವೆಂದು ಎಣಿಸಿಯೇ ಇರಲಿಲ್ಲ.

ಕೊನೆಗೆ ಆಸ್ಪತ್ರೆ ಸೇರಿದಾಗ ರಕ್ತದಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ಕಣ್ಣನ್ನು ಹಳದಿ ಮಾಡುವ ವಸ್ತು, 11 ದಾಟಿತ್ತು. ಇರಬೇಕಾದದ್ದು ಒಂದರ ಆಸುಪಾಸು. ಹೆಪಟೈಟಿಸ್ ಎ, ಬಿ, ಸಿ, ಇ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ, ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ಕಲ್ಲೂ ಕಾಣಲಿಲ್ಲ. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ವೈದ್ಯರು ಎರಡು ಬಾರಿ ಕೇಳಿದಾಗಲೂ ಇಲ್ಲವೆಂದೇ ಹೇಳಿದೆ. ಮೂರನೆಯ ದಿನ ಅವರು, "ಕಷಾಯ, ಪುಡಿ, ಲೇಹ್ಯ, ಏನೇ ಇರಲಿ ಹೇಳಿಯಮ್ಮ" ಎಂದಾಗ ಮಗಳು ಮನೆಯಿಂದ ಡಬ್ಬಿ ತಂದು ಮುಂದಿಟ್ಟಳು. ಅಂದೇ ಎಲ್ಲವನ್ನೂ ನಿಲ್ಲಿಸಿದರು. ಬಿಲಿರುಬಿನ್ ಮೆಲ್ಲನೆ ಇಳಿದು ಮಾಮೂಲಿಗೆ ಬರಲು ಎರಡೂವರೆ ತಿಂಗಳು ಹಿಡಿಯಿತು.

ಇದು ನನ್ನೊಬ್ಬಳಿಗೇ ಆದದ್ದೂ ಅಲ್ಲ. ಐಸ್‌ಲೆಂಡ್ ಮತ್ತು ಅಮೆರಿಕದ ವೈದ್ಯರು 2020ರಲ್ಲಿ ಇಂಥ ಐದು ರೋಗಿಗಳ ವಿವರ ಪ್ರಕಟಿಸಿದ್ದಾರೆ. ಅಶ್ವಗಂಧ ಆರಂಭಿಸಿದ 2ರಿಂದ 12 ವಾರಗಳೊಳಗೆ ಅವರಿಗೆ ಕಾಮಾಲೆ ಮತ್ತು ತುರಿಕೆ ಕಾಣಿಸಿಕೊಂಡಿತ್ತು. ನಮ್ಮ ದೇಶದ ವೈದ್ಯರೂ ಇಂಥ ಪ್ರಕರಣಗಳನ್ನು ದಾಖಲಿಸಿದ್ದಾರೆ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು, ಆದರೆ ಅದಕ್ಕೆ ಮುಖ್ಯ ಕಾರಣ ಯಕೃತ್ತಲ್ಲ, ಹಾರ್ಮೋನುಗಳ ಮೇಲಿನ ಪರಿಣಾಮ ಮತ್ತು ಗರ್ಭಪಾತದ ಭಯ. ತೆಗೆದುಕೊಂಡವರಿಗೆಲ್ಲ ಹೀಗಾಗುವುದಿಲ್ಲ, ಹೀಗಾಗುವುದು ಅಪರೂಪವೇ. ಆದರೆ ಯಾರಿಗೆ ಆಗುತ್ತದೆಂದು ಮುಂಚಿತವಾಗಿ ಹೇಳುವ ದಾರಿಯಿಲ್ಲ.

ಆಯುರ್ವೇದದ ಮೇಲೆ ನನಗೆ ದೂರಿಲ್ಲ. ಗುಣವಾದ ಮೇಲೆ ಹಾಸನದಲ್ಲಿ ಆಯುರ್ವೇದ ವೈದ್ಯರೊಬ್ಬರಿಗೆ ಆ ಡಬ್ಬಿಯನ್ನು ತೋರಿಸಿದೆ. ಅವರು ಚೀಟಿ ಓದಿ, ಅದರಲ್ಲಿ ಬೇರಿನ ಜೊತೆಗೆ ಎಲೆಯ ಸಾರವೂ ಇರುವುದನ್ನು ಬೆರಳಿಟ್ಟು ತೋರಿಸಿದರು. ಎಲೆ ಬಳಸಬೇಡಿ, ಬೇರನ್ನು ಮಾತ್ರ ಬಳಸಿ ಎಂದು ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚಿಸಿತ್ತಂತೆ. ಯಕೃತ್ತಿಗೆ ಪೆಟ್ಟು ಬಿದ್ದದ್ದು ಎಲೆಯಿಂದಲೋ ಬೇರಿನಿಂದಲೋ ನಾನು ಹಾಕಿಕೊಂಡ ದುಪ್ಪಟ್ಟು ಪ್ರಮಾಣದಿಂದಲೋ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಡಬ್ಬಿಯ ಮೇಲಿದ್ದದ್ದು ಆಯುರ್ವೇದ ಔಷಧದ ಪರವಾನಗಿಯೂ ಅಲ್ಲ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೀಡುವ ಹದಿನಾಲ್ಕು ಅಂಕಿಯ ಸಂಖ್ಯೆ. ಅಂದರೆ ಅದನ್ನು ಆಹಾರವೆಂದು ಮಾರಲಾಗಿತ್ತು. ಔಷಧೀಯ ಬಳಕೆಗಲ್ಲ ಎಂಬ ಇಂಗ್ಲಿಷ್ ಸಾಲೂ ಪಕ್ಕದಲ್ಲಿತ್ತು, ನಾನು ಓದಿರಲಿಲ್ಲ.

ತೆಗೆದುಕೊಳ್ಳುತ್ತಿರುವವರಿಗೆ ತುರಿಕೆ, ಕಪ್ಪು ಮೂತ್ರ, ಊಟ ಸೇರದಿರುವುದು ಕಾಣಿಸಿದರೆ ಅಂದೇ ನಿಲ್ಲಿಸಿ, ಯಕೃತ್ತಿನ ರಕ್ತಪರೀಕ್ಷೆ ಮಾಡಿಸಿ, ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ. ಅಡ್ಡಪರಿಣಾಮವನ್ನು ಔಷಧ ಸುರಕ್ಷತೆಯ ಮೇಲೆ ನಿಗಾ ಇಡುವ ಸರ್ಕಾರಿ ಕಾರ್ಯಕ್ರಮದ 1800-180-3024 ಉಚಿತ ಸಂಖ್ಯೆಗೆ ರೋಗಿಗಳೇ ತಿಳಿಸಬಹುದು. ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಆದ್ದರಿಂದ ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು.

ಸಕಲೇಶಪುರದಲ್ಲಿರುವ ನನ್ನ ಅತ್ತಿಗೆಗೆ ಹತ್ತು ವರ್ಷಗಳಿಂದ ಥೈರಾಯ್ಡ್ ಮಾತ್ರೆ ಇದೆ. ಇದೇ ಡಬ್ಬಿಯನ್ನು ಅವರಿಗೆ ಕೊಡಿಸಿದ್ದವಳು ನಾನೇ. ಆಸ್ಪತ್ರೆಯ ಹಾಸಿಗೆಯಿಂದ ಮೊದಲು ಫೋನ್ ಮಾಡಿದ್ದು ಅವರಿಗೆ.