ಕಾಡುತೊಂಡೆ ಬಳ್ಳಿ ಕೀಳಲು ಯಾವುದು ಕೊಳ್ಳಬೇಕು: ಗಡಾರಿ, ಸಿಕೇಟರ್, ವೀಡ್ ಮ್ಯಾಟ್, ಕಳೆನಾಶಕಗಳ ವಿಮರ್ಶೆ

ಬೇಲಿ, ಕರಿಬೇವು, ದಾಸವಾಳ ಯಾವುದನ್ನೂ ಬಿಡದೆ ಹಬ್ಬುವ ಕಾಡುತೊಂಡೆಗೆ ಅಂಗಡಿಯಲ್ಲಿ ಸಿಗುವ ಸಾಧನಗಳ ಪೈಕಿ ದುಡ್ಡು ಹಾಕಲು ಯೋಗ್ಯವಾದದ್ದು ಒಂದೇ, ನಾಲ್ಕು ಅಡಿಯ ಕಬ್ಬಿಣದ ಗಡಾರಿ. ಉಳಿದವುಗಳಲ್ಲಿ ಕೆಲವು ಅದರ ಜೊತೆಗೆ ಉಪಯೋಗಕ್ಕೆ ಬರುತ್ತವೆ, ಕೆಲವು ಬರೀ ದಂಡ. ಇದಕ್ಕೆ ಕಾರಣ ಬಳ್ಳಿಯ ಬುಡದಲ್ಲಿದೆ. ಮೇಲೆ ಕಾಣುವ ಕಾಂಡ ಬೆರಳು ಗಾತ್ರದ್ದಾದರೂ ಮಣ್ಣಿನೊಳಗೆ ಗೆಣಸಿನ ಹಾಗೆ ದಪ್ಪಗಾದ ಬೇರು ಇರುತ್ತದೆ. ಮೇಲಿನದನ್ನು ಎಷ್ಟು ಸಲ ಸವರಿ ಹಾಕಿದರೂ ಆ ಬೇರಿನಲ್ಲಿ ಕೂಡಿಟ್ಟ ಆಹಾರದ ಬಲದಿಂದ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

ಕೀಳುವ ಮೊದಲು ಗುರುತು ಖಾತ್ರಿ ಮಾಡಿಕೊಳ್ಳಿ. ತರಕಾರಿ ತೊಂಡೆಯೂ ಕಾಡುತೊಂಡೆಯೂ ಒಂದೇ ಜಾತಿ, ಕಾಕ್ಸಿನಿಯಾ ಗ್ರ್ಯಾಂಡಿಸ್. ನಾವು ಬೆಳೆಸುವುದು ಕಡ್ಡಿ ನೆಟ್ಟು; ತಾನಾಗಿ ಹುಟ್ಟಿದ್ದು ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಉದುರಿಸಿದ ಬೀಜದ್ದು, ಕಾಯಿ ಸಾಮಾನ್ಯವಾಗಿ ಕಹಿ. ಎಳೆಗಾಯಿ ಮುರಿದು ನಾಲಗೆಯ ತುದಿಗೆ ತಾಗಿಸಿ ಉಗುಳಿದರೆ ತಿಳಿಯುತ್ತದೆ. ಗಂಡು, ಹೆಣ್ಣು ಬಳ್ಳಿಗಳು ಬೇರೆ ಬೇರೆ. ಕಾಯಿ ಬಿಡುವುದಿಲ್ಲವಲ್ಲ ಎಂದು ಗಂಡು ಬಳ್ಳಿಯನ್ನು ಉಳಿಸಬೇಡಿ. ಅದೂ ಅಷ್ಟೇ ಹಬ್ಬುತ್ತದೆ, ಅಕ್ಕಪಕ್ಕದ ಹೆಣ್ಣು ಬಳ್ಳಿಗಳಿಗೆ ಪರಾಗವನ್ನೂ ಒದಗಿಸುತ್ತದೆ. ಲಿಂಗತೊಂಡೆ ಬೇರೆಯೇ ಗಿಡ. ಅದರ ಹಣ್ಣು ದುಂಡಗೆ, ಕೆಂಪು ಮೈಮೇಲೆ ಬಿಳಿ ಗೀರುಗಳು. ಆಸರೆಗೆ ಸುತ್ತಿಕೊಳ್ಳುವ ಕುಡಿ ಎರಡಾಗಿ ಕವಲೊಡೆದಿರುತ್ತದೆ. ತೊಂಡೆಯ ಕುಡಿಗೆ ಕವಲಿಲ್ಲ.

ಗಡಾರಿಯ ಆಯ್ಕೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಕಟ್ಟಡದ ಕೆಲಸಕ್ಕೆ ಬಳಸುವ ಐದು ಅಡಿಯ, 32 ಮಿಲಿಮೀಟರ್ ದಪ್ಪದ ಗಡಾರಿ ಒಂಬತ್ತೂವರೆ ಕಿಲೋ ತೂಗುತ್ತದೆ. ಮನೆಯಂಗಳದ ಇಕ್ಕಟ್ಟಿನಲ್ಲಿ ಅದನ್ನು ಎತ್ತಿ ಹಾಕುವಷ್ಟರಲ್ಲಿ ರಟ್ಟೆ ಸೋಲುತ್ತದೆ, ಪಕ್ಕದ ಗಿಡದ ಬೇರಿಗೂ ಏಟು ಬೀಳುತ್ತದೆ. ನಾಲ್ಕು ಅಡಿ ಉದ್ದ, 25 ಮಿಲಿಮೀಟರ್ ದಪ್ಪದ್ದು ನಾಲ್ಕೂವರೆ ಕಿಲೋ ಆಸುಪಾಸು ಇರುತ್ತದೆ, ಅಷ್ಟು ಸಾಕು. ಒಂದು ತುದಿ ಚೂಪು, ಇನ್ನೊಂದು ತುದಿ ಉಳಿಯ ಹಾಗೆ ಚಪ್ಪಟೆಯಾಗಿರುವುದನ್ನೇ ಕೇಳಿ. ಬೇರಿನ ಕೆಲಸಕ್ಕೆ ಬೇಕಾದದ್ದು ಚಪ್ಪಟೆ ತುದಿ. ಪೊಳ್ಳು ಪೈಪಿಗೆ ಮೊನೆ ಬೆಸೆದು ಹಗುರ ಎಂದು ಮಾರುವ ಗಡಾರಿ ಬೇಡ, ಮೀಟುವಾಗ ಬಾಗುತ್ತದೆ. ಅಂಗಡಿಯಿಂದ ತಂದ ಗಡಾರಿಯ ಮೊನೆ ಬಹಳಷ್ಟು ಸಲ ಮೊಂಡಾಗಿಯೇ ಇರುತ್ತದೆ. ಕುಲುಮೆಗೆ ಕೊಟ್ಟು ತಟ್ಟಿಸಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ.

ಕೆಲಸಕ್ಕೆ ಒಳ್ಳೆಯ ಕಾಲ ಬೇಸಿಗೆಯ ಕೊನೆಯ ಒಂದೆರಡು ಮಳೆಯ ನಂತರ. ಮಣ್ಣು ಮೆತ್ತಗಾಗಿರುತ್ತದೆ, ಗೇಣುದ್ದದ ಹೊಸ ಚಿಗುರು ಬೇರಿನ ಜಾಗ ತೋರಿಸುತ್ತದೆ, ಕಾಯಿ ಇನ್ನೂ ಕಟ್ಟಿರುವುದಿಲ್ಲ. ಒಣ ನೆಲವಾದರೆ ಹಿಂದಿನ ಸಂಜೆ ಬುಡಕ್ಕೆ ಎರಡು ಮೂರು ಬಕೆಟ್ ನೀರು ಬಿಡಿ. ಕಾಯಿ, ಹಣ್ಣು ಇದ್ದರೆ ಮೊದಲು ಕಿತ್ತು ಚೀಲಕ್ಕೆ ತುಂಬಿ. ಆಮೇಲೆ ಕಾಂಡವನ್ನು ನೆಲದಿಂದ ಒಂದು ಮೊಳ ಮೇಲೆ ಕತ್ತರಿಸಿ. ಬುಡದಲ್ಲಿ ಉಳಿದ ಆ ಮೊಳದುದ್ದದ ತುಂಡು ಹಿಡಿಯಾಗಿ ಬೇಕಾಗುತ್ತದೆ. ಮೇಲಿನ ಬಳ್ಳಿಯನ್ನು ಹಸಿಯಾಗಿದ್ದಾಗ ಎಳೆದರೆ ಕರಿಬೇವಿನ ಕೊಂಬೆಯೂ ಸೀಳಿ ಬರುತ್ತದೆ. ಹದಿನೈದು ದಿನ ಮರದ ಮೇಲೇ ಒಣಗಲು ಬಿಟ್ಟರೆ ಸಲೀಸಾಗಿ ಉದುರುತ್ತದೆ.

ಈಗ ಬುಡದಿಂದ ಅರ್ಧ ಅಡಿ ದೂರದಲ್ಲಿ ಗಡಾರಿಯನ್ನು ಓರೆಯಾಗಿ ಇಳಿಸಿ, ಸ್ವಲ್ಪ ಮೀಟಿ, ತೆಗೆಯಿರಿ. ಹೀಗೆ ಸುತ್ತಲೂ ನಾಲ್ಕೈದು ಕಡೆ ಮಣ್ಣು ಸಡಿಲಿಸಿ. ಒಂದೇ ಕಡೆಯಿಂದ ಜೋರಾಗಿ ಮೀಟಿದರೆ ಬೇರು ಕತ್ತಿನಲ್ಲಿ, ಅಂದರೆ ಕಾಂಡ ಸೇರುವಲ್ಲಿ, ಮುರಿದು ದಪ್ಪನೆಯ ಗಂಟು ಒಳಗೇ ಉಳಿಯುತ್ತದೆ. ಮುಂದಿನ ಚಿಗುರು ಬರುವುದು ಆ ಗಂಟಿನಿಂದಲೇ. ಸಡಿಲವಾದ ಮಣ್ಣನ್ನು ಕುರ್ಪಿಯಿಂದ ಬಗೆದು, ಕತ್ತು ಕಂಡ ಮೇಲೆ ಒಂದು ಕೈಯಲ್ಲಿ ಕಾಂಡ ಹಿಡಿದು, ಇನ್ನೊಂದು ಕೈಯಿಂದ ಗಡಾರಿಯನ್ನು ಬೇರಿನ ಅಡಿಗೆ ಕೊಟ್ಟು ನಿಧಾನ ಎತ್ತಿ. ಕಾಂಡ ನೆಲಕ್ಕೆ ತಾಗಿದ ಗೆಣ್ಣುಗಳಲ್ಲೂ ಬೇರು ಬಿಟ್ಟಿರುತ್ತದೆ. ಬಳ್ಳಿ ಹರಿದಾಡಿದ ಜಾಗವನ್ನೆಲ್ಲ ಒಮ್ಮೆ ಕೈಯಾಡಿಸಿ ನೋಡಿ.

ಸಿಕೇಟರ್, ಅಂದರೆ ಕೊಂಬೆ ಕತ್ತರಿಸುವ ಕೈಗತ್ತರಿ ಬೇಕು, ಆದರೆ ದುಬಾರಿಯದ್ದು ಬೇಕಿಲ್ಲ. ಎರಡು ಅಲಗು ಒಂದರ ಪಕ್ಕ ಒಂದು ಸರಿಯುವ ಬೈಪಾಸ್ ಮಾದರಿ ಸಾಕು. ಹಸಿ ಬಳ್ಳಿಯ ರಸ ಅಲಗಿಗೆ ಮೆತ್ತಿ ಒಣಗುತ್ತದೆ, ಕೆಲಸ ಮುಗಿದ ತಕ್ಷಣ ಒರೆಸಿ ಒಂದು ತೊಟ್ಟು ಎಣ್ಣೆ ಹಾಕಿ.

ಕಳೆ ಕತ್ತರಿಸುವ ಯಂತ್ರಕ್ಕೆ ಈ ಕೆಲಸದಲ್ಲಿ ಅಂಕವೇ ಇಲ್ಲ. ಅಂಗಳ ಅರ್ಧ ಗಂಟೆಯಲ್ಲಿ ಬೋಳಾಗುತ್ತದೆ, ನಿಜ. ಆದರೆ ಬಳ್ಳಿ ಚೂರುಚೂರಾಗಿ ಎಲ್ಲೆಡೆ ಹಾರುತ್ತದೆ, ಮಳೆಗಾಲದಲ್ಲಿ ಗೆಣ್ಣಿರುವ ಚೂರುಗಳು ಒದ್ದೆ ಮಣ್ಣಿಗೆ ಬಿದ್ದಲ್ಲೇ ಬೇರೂರುತ್ತವೆ.

ಕಳೆ ಬಾರದಂತೆ ನೆಲಕ್ಕೆ ಹಾಸುವ ವೀಡ್ ಮ್ಯಾಟ್‌ಗೆ ಐದಕ್ಕೆ ಎರಡು ಅಂಕ. ಬೇರು ಕಿತ್ತ ಜಾಗದಲ್ಲಿ ಹೊಸ ಬೀಜ ಮೊಳೆಯದಂತೆ ತಡೆಯಲು ಪರವಾಗಿಲ್ಲ. 100 ಜಿಎಸ್‌ಎಂಗಿಂತ (ಚದರ ಮೀಟರಿಗೆ 100 ಗ್ರಾಂ ತೂಕ) ತೆಳ್ಳಗಿನದು ಬೇಡ, ಅಂಚುಗಳು ಒಂದರ ಮೇಲೊಂದು ಅರ್ಧ ಅಡಿ ಬರಬೇಕು. ಜೀವಂತ ಬೇರಿನ ಮೇಲೆ ಹಾಸಿದರೆ ಚಿಗುರು ಅಡಿಯಲ್ಲೇ ಅಡ್ಡ ಹರಿದು ಅಂಚಿನಲ್ಲಿ, ಗೋಡೆಯ ಸಂದಿಯಲ್ಲಿ ತಲೆ ಎತ್ತುತ್ತದೆ.

ಗ್ಲೈಫೋಸೇಟ್ 41% ಎಸ್‌ಎಲ್ ಎಂಬ ದ್ರವ ಕಳೆನಾಶಕದ ಡಬ್ಬಿಯನ್ನು ಮನೆ ತೋಟಕ್ಕೆ ತರಬೇಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆದೇಶ ಅದರ ಬಳಕೆಯನ್ನು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳಿಗೆ (ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ) ಸೀಮಿತಗೊಳಿಸಿತು. ಕಾನೂನಿನ ಮಾತು ಹಾಗಿರಲಿ, ಈ ಬಳ್ಳಿ ಹಬ್ಬಿರುವುದು ನಾವು ಒಗ್ಗರಣೆಗೆ ಹಾಕುವ ಕರಿಬೇವಿನ ಮೇಲೆ. ಆ ಔಷಧಿ ಕಳೆ ಯಾವುದು, ಬೆಳೆ ಯಾವುದು ಎಂದು ನೋಡುವುದಿಲ್ಲ. ವಿನೆಗರ್ ಎರಚಿದರೆ ಎಲೆ ಸುಡುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಉಪ್ಪು ಸುರಿದರೆ ಮಣ್ಣೇ ಕೆಡುತ್ತದೆ.

ಹವಾಯಿಯಲ್ಲಿ ಇದೇ ತೊಂಡೆ ಮರಗಳನ್ನೇ ಮುಚ್ಚಿಹಾಕಿದ್ದರಿಂದ 1996ರಲ್ಲಿ ಕಾಂಡ ಕೊರೆಯುವ ಒಂದು ಪತಂಗವನ್ನು ಬಿಟ್ಟರು. ನಮ್ಮಲ್ಲಿ ಅದು ಆಗದ ಮಾತು. ತೊಂಡೆ ಈ ನೆಲದ್ದೇ ಗಿಡ, ರೈತರ ಬೆಳೆ.

ಗಡಾರಿಯೂ ಸೋಲುವ ಜಾಗ ಒಂದಿದೆ: ಕಾಂಪೌಂಡ್ ಗೋಡೆಯ ಪಾಯ. ಅಲ್ಲಿ ಮೀಟಿದರೆ ಕಲ್ಲು ಸಡಿಲವಾದೀತು. ಅಂಥ ಕಡೆ ಎಲೆ ಬಿಚ್ಚಲು ಬಿಡದೆ ಹತ್ತು ಹದಿನೈದು ದಿನಕ್ಕೊಮ್ಮೆ ಚಿಗುರನ್ನು ನೆಲಮಟ್ಟಕ್ಕೆ ಕತ್ತರಿಸುತ್ತಾ ಹೋಗಬೇಕು. ಹಸಿರೆಲೆ ಇಲ್ಲದೆ ಬೇರು ತನ್ನ ದಾಸ್ತಾನನ್ನು ಖರ್ಚು ಮಾಡುತ್ತಲೇ ಸೊರಗುತ್ತದೆ. ಒಂದು ಇಡೀ ಮಳೆಗಾಲ ಬಿಡದೆ ಮಾಡಬೇಕು, ನಡುವೆ ತಿಂಗಳು ಬಿಟ್ಟರೆ ಮೊದಲಿಂದ ಶುರು.

ಕಿತ್ತ ಬೇರು, ಹಣ್ಣುಗಳನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಬೇರನ್ನು ಸೀಳಿ ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ. ಹಣ್ಣಿನ ಚೀಲ ಕಟ್ಟಿ ಕಸದ ಗಾಡಿಗೆ ಕೊಡಿ. ಮೂರು ವಾರದ ನಂತರ ಬೇರು ಕಿತ್ತ ಗುಂಡಿಗಳನ್ನು ನೋಡಿದರೆ ತಪ್ಪಿಸಿಕೊಂಡ ಗಂಟುಗಳು ಚಿಗುರಿರುತ್ತವೆ. ಗಡಾರಿ ದಿನಬಾಡಿಗೆಗೂ ಸಿಗುತ್ತದೆ, ಆದರೆ ಈ ಎರಡನೇ ಸುತ್ತಿನ ಕೆಲಸಕ್ಕೆ ಮತ್ತೆ ಬೇಕಾಗುವುದರಿಂದ ಸ್ವಂತದ್ದು ಕೊಳ್ಳುವುದೇ ಲೇಸು.