ಕಿವಿ ಒಣಗಿತೆಂದು ಸುಮ್ಮನಿರಬೇಡಿ, ಶ್ರವಣ ಪರೀಕ್ಷೆ ಮಾಡಿಸಿ

ನನ್ನ ಬಲಗಿವಿ ಸೋರಲು ಆರಂಭವಾದದ್ದು ಏಳನೆಯ ತರಗತಿಯಲ್ಲಿದ್ದಾಗ. ಮಲೆನಾಡಿನ ಮಳೆಗಾಲದಲ್ಲಿ ಶೀತವಾಯಿತೆಂದರೆ ಎರಡೇ ದಿನದಲ್ಲಿ ಕೀವು ಬರುತ್ತಿತ್ತು. ಹನಿ ಔಷಧ ಬಿಟ್ಟರೆ ವಾರದೊಳಗೆ ಒಣಗುತ್ತಿತ್ತು. ಹೀಗೆಯೇ ಇಪ್ಪತ್ತೈದು ವರ್ಷ ಕಳೆದವು. ನಾನು ಕಂಡ ವೈದ್ಯರೆಲ್ಲರೂ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು, ಕಿವಿತಮಟೆಯಲ್ಲಿ ತೂತಿದೆ ಎಂದರು, ಔಷಧ ಬರೆದುಕೊಟ್ಟರು. ಎಷ್ಟು ಕೇಳಿಸುತ್ತದೆ ಎಂಬುದನ್ನು ಅಳೆಯಿಸಿ ಎಂದು ಒಬ್ಬರೂ ಹೇಳಲಿಲ್ಲ, ನನಗೂ ಅದು ಹೊಳೆಯಲಿಲ್ಲ. ಆ ಲೋಪದಿಂದ ನಾನು ಕಳೆದುಕೊಂಡದ್ದು ಇನ್ನು ಮರಳಿ ಬರುವಂಥದ್ದಲ್ಲ. ಕಿವಿ ಸೋರುವ ಮಕ್ಕಳಿರುವ ಮನೆಗಳಲ್ಲಾದರೂ ಇದು ಮರುಕಳಿಸಬಾರದೆಂದು ಬರೆಯುತ್ತಿದ್ದೇನೆ.

ನನಗೆ ವಿಷಯ ತಿಳಿದದ್ದು ತೀರ ಆಕಸ್ಮಿಕವಾಗಿ. ಮೂರು ವರ್ಷದ ಹಿಂದೆ ಊರಿಗೆ ಬಂದಿದ್ದ ತಂಗಿ, ರಾತ್ರಿ ಜಗಲಿಯಲ್ಲಿ ಎಲ್ಲರೂ ಹಾಸಿಕೊಂಡು ಮಲಗಿದ್ದಾಗ, "ಈ ಜೀರುಂಡೆ ಗಲಾಟೆಯಲ್ಲಿ ನಿನಗೆ ಹೇಗೆ ನಿದ್ದೆ ಬರುತ್ತದೆ ಅಣ್ಣಾ?" ಎಂದಳು. ನನಗೆ ಯಾವ ಗಲಾಟೆಯೂ ಕೇಳಿಸುತ್ತಿರಲಿಲ್ಲ. ಎಡಮಗ್ಗುಲಾಗಿ ಮಲಗಿದ್ದೆ, ಎಡಗಿವಿ ದಿಂಬಿಗೆ ಒತ್ತಿತ್ತು. ಮಗ್ಗುಲು ಬದಲಿಸಿದೆ, ಇಡೀ ತೋಟವೇ ಜೀರ್ ಎಂದು ಕೂಗುತ್ತಿತ್ತು. ಮತ್ತೆ ಎಡಕ್ಕೆ ಹೊರಳಿದೆ, ಜೀರುಂಡೆಗಳು ಬಾಯಿ ಮುಚ್ಚಿದವು. ತಂಗಿಯ ಮಾತು ಮಾತ್ರ ಆಗಲೂ ಸಣ್ಣಗೆ ಕೇಳುತ್ತಿತ್ತು.

ಒಂದು ಕಿವಿ ನೆಟ್ಟಗಿದ್ದರೆ ಇನ್ನೊಂದರ ಕೊರತೆ ಮನೆಯವರಿಗಷ್ಟೇ ಅಲ್ಲ, ಸ್ವತಃ ತನಗೂ ತಿಳಿಯುವುದಿಲ್ಲ. ಫೋನನ್ನು ಯಾವಾಗಲೂ ಎಡಗಿವಿಗೇ ಹಿಡಿಯುತ್ತಿದ್ದೆ. ಶಾಲೆಯಲ್ಲಿ ಪಾಠ ಮಾಡುವಾಗ ಬಲಬದಿಯ ಮಕ್ಕಳು ಮೆಲ್ಲಗೆ ಉತ್ತರ ಹೇಳಿದರೆ ಅದು "ಕಾಲು" ಎಂದೋ "ಹಾಲು" ಎಂದೋ "ಸಾಲು" ಎಂದೋ ಗೊತ್ತಾಗದೆ ಮತ್ತೊಮ್ಮೆ ಹೇಳಿಸುತ್ತಿದ್ದೆ. ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಬೇರ್ಪಡಿಸಿ ತಿಳಿಸುವುದು ಹೆಚ್ಚಿನ ಕಂಪನಾಂಕದ, ಅಂದರೆ ಜೀರುಂಡೆಯ ಕೂಗಿನಂಥ ಕೀರಲು ಸ್ವರದ ಸದ್ದು. ಅದು ಕುಂದಿದಾಗ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಮಕ್ಕಳು ಗೊಣಗುತ್ತಾರೆಂದು ನಾನು ಅವರನ್ನೇ ಗದರಿಸಿದ್ದೇನೆ. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಆಮೇಲೂ ಒಮ್ಮೆ ಮೋಸಹೋದೆ. ಉಚಿತ ತಪಾಸಣಾ ಶಿಬಿರವೊಂದರಲ್ಲಿ, ಫ್ಯಾನ್ ತಿರುಗುತ್ತಿದ್ದ ಕೊಠಡಿಯಲ್ಲಿ ನನ್ನನ್ನು ಎದುರಿಗೆ ಕೂರಿಸಿ ಮಾತನಾಡಿಸಿ, ಚೆನ್ನಾಗಿಯೇ ಕೇಳುತ್ತದೆ ಎಂದು ಕಳುಹಿಸಿಬಿಟ್ಟರು. ಸರಿಯಾದ ಪರೀಕ್ಷೆ ನಡೆಯುವುದು ಹೊರಗಿನ ಸದ್ದು ಬಾರದ ಕೋಣೆಯಲ್ಲಿ. ಹೆಡ್‌ಫೋನ್ ಹಾಕಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದು ಕಿವಿಗೂ ಪ್ರತ್ಯೇಕವಾಗಿ ಕೇಳಿಸುತ್ತಾರೆ. ಬಳಿಕ ಕಿವಿಯ ಹಿಂದಿನ ಎಲುಬಿಗೆ ಪುಟ್ಟ ಕಂಪಕವನ್ನು ಒತ್ತಿ ಮತ್ತೆ ಅಳೆಯುತ್ತಾರೆ; ಹೀಗೆ ಬಿಟ್ಟ ಸದ್ದು ತಮಟೆಯನ್ನು ಹಾಯದೆ ನೇರ ಒಳಗಿವಿಗೆ ಹೋಗುತ್ತದೆ. ಅಗತ್ಯವಿದ್ದಲ್ಲಿ ಒಳ್ಳೆಯ ಕಿವಿ ನಡುವೆ ನೆರವಿಗೆ ಬಾರದಂತೆ ಅದರೊಳಗೆ ಸುಯ್ಯೆನ್ನುವ ಸದ್ದು ಬಿಡುತ್ತಾರೆ. ನನ್ನ ಆಡಿಯೋಗ್ರಾಮಿನಲ್ಲಿ, ಅಂದರೆ ಪರೀಕ್ಷೆಯ ಫಲಿತಾಂಶದ ನಕ್ಷೆಯಲ್ಲಿ, ಬಲಗಿವಿಯ ಕೆಂಪು ವೃತ್ತಗಳು ಕೆಳಗಿಳಿದಿದ್ದವು; ಗುರುತು ಕೆಳಗಿಳಿದಷ್ಟೂ ಕೇಳುವುದು ಕಡಿಮೆ. ತಮಟೆಯ ತೂತಿನಿಂದಲೇ ಆಗಿದ್ದರೆ ಎಲುಬಿನ ಮೂಲಕ ಕೇಳಿದ ಗೆರೆ ಮೇಲೆಯೇ ಉಳಿಯಬೇಕಿತ್ತು. ಪರೀಕ್ಷೆ ಮಾಡಿದಾಕೆ ಪೆನ್ನಿನ ತುದಿಯಿಂದ ತೋರಿಸಿದರು: 4000 ಹರ್ಟ್ಸ್‌ನಲ್ಲಿ ಆ ಗೆರೆಯೂ 40 ಡೆಸಿಬೆಲ್‌ಗೆ ಕುಸಿದಿತ್ತು. ಅಂದರೆ ಒಳಗಿವಿಗೇ ಪೆಟ್ಟು ಬಿದ್ದಿತ್ತು.

ನಡುಗಿವಿಗೂ ಒಳಗಿವಿಗೂ ನಡುವೆ ತೆಳುಪೊರೆ ಹೊದ್ದ ಒಂದು ಕಿಂಡಿಯಿದೆ. ವರ್ಷಗಟ್ಟಲೆ ಸೋಂಕಿದ್ದರೆ ಅದರ ವಿಷಾಂಶ ಆ ಪೊರೆಯನ್ನು ದಾಟಿ ಒಳಗೆ ಇಳಿಯಬಲ್ಲದು. ಕಿಂಡಿಯ ಪಕ್ಕದಲ್ಲೇ ಇರುವುದು ಹೆಚ್ಚಿನ ಕಂಪನಾಂಕವನ್ನು ಗ್ರಹಿಸುವ ಸೂಕ್ಷ್ಮ ಕೋಶಗಳು. ಜೊತೆಗೆ ನಾನು ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಹನಿಗಳನ್ನು ಮತ್ತೆ ಮತ್ತೆ ತಂದು ಬಿಟ್ಟುಕೊಂಡಿದ್ದೆ. ಜೆಂಟಾಮೈಸಿನ್, ನಿಯೋಮೈಸಿನ್‌ಗಳು ತೂತಾದ ತಮಟೆಯ ಮೂಲಕ ಒಳಗಿವಿಗೆ ಹಾನಿ ಮಾಡಬಲ್ಲವು. ನನ್ನ ವಿಷಯದಲ್ಲಿ ಯಾವುದರ ಪಾಲು ಎಷ್ಟು ಎಂದು ವಿಂಗಡಿಸಲಾಗದು ಎಂದರು ವೈದ್ಯರು. ಕಳೆದ ವರ್ಷ ಶಸ್ತ್ರಚಿಕಿತ್ಸೆಯಿಂದ ತೂತು ಮುಚ್ಚಿತು, ತಗ್ಗುಸ್ವರದ ಸದ್ದುಗಳು ಎಷ್ಟೋ ಸುಧಾರಿಸಿದವು. ಜೀರುಂಡೆಗಳು ಮರಳಲಿಲ್ಲ.

ಆದ್ದರಿಂದ ಕಿವಿ ಪದೇ ಪದೇ ಸೋರುವವರು, ಸೋರಿಕೆ ನಿಂತಿದ್ದರೂ ಸರಿ, ಶ್ರವಣ ಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ ಮಾಡಿಸಿಕೊಳ್ಳಿ, ಎಲುಬಿನ ಮೂಲಕ ಅಳೆಯುವುದನ್ನು ಬಿಡಬೇಡಿ ಎಂದು ಹೇಳಿ. ಆ ಹಾಳೆಯನ್ನು ಜೋಪಾನವಾಗಿಡಿ. ಮುಂದಿನ ಪರೀಕ್ಷೆಯೊಂದಿಗೆ ಹೋಲಿಸಿದಾಗಲೇ ಇಳಿತ ಕಾಣುವುದು. ಕೆಲವು ಕೇಂದ್ರಗಳಲ್ಲಿ 8000 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನೂ ಅಳೆಯುತ್ತಾರೆ, ಒಳಗಿವಿಯ ಹಾನಿ ಮಾತಿನ ಮಟ್ಟಕ್ಕೆ ಇಳಿಯುವ ಮೊದಲೇ ಅಲ್ಲಿ ಕಾಣಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ದೂರದವರು ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಸೋರುವ ಕಿವಿಗೆ ಯಾರೂ ಬಿಡಬೇಡಿ. ಕೀವು ಕೆಟ್ಟ ವಾಸನೆ ಬೀರುತ್ತಿದ್ದರೆ ತಜ್ಞರನ್ನು ಕಾಣಲು ತಡಮಾಡಬಾರದು. ತಲೆ ಸುತ್ತು ಬಂದರೆ, ಕಿವಿಯ ಹಿಂದೆ ಊದಿಕೊಂಡರೆ, ಮುಖದ ಒಂದು ಬದಿ ಜೋತುಬಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.